ತಲೆಗೆ ಬೆಲೆ ಕಟ್ಟಿದವರೇ ಕೈಕುಲುಕಿದ್ದು ಯಾಕೆ? ಯುದ್ಧ ಮುಗಿದ ಸಿರಿಯಾ ಮತ್ತು ಹೊರಗಿನ ದೇಶಗಳು

2024ರ ಡಿಸೆಂಬರ್ ಮಧ್ಯದವರೆಗೂ ಅಹ್ಮದ್ ಅಲ್-ಶರಾ ಎಂಬ ವ್ಯಕ್ತಿಯ ಸುಳಿವು ಕೊಟ್ಟವರಿಗೆ 1 ಕೋಟಿ ಡಾಲರ್ ಬಹುಮಾನ ಕೊಡುವುದಾಗಿ ಅಮೆರಿಕ ಹೇಳುತ್ತಿತ್ತು. 2025ರ ನವೆಂಬರ್ 10ರಂದು ಅದೇ ವ್ಯಕ್ತಿ ಶ್ವೇತಭವನದೊಳಗೆ ಅಮೆರಿಕದ ಅಧ್ಯಕ್ಷರ ಜೊತೆ ಮಾತಿಗೆ ಕೂತಿದ್ದರು, ಸಿರಿಯಾ ದೇಶದ ಅಧ್ಯಕ್ಷರಾಗಿ. ನಡುವೆ ಕಳೆದದ್ದು ಹನ್ನೊಂದೇ ತಿಂಗಳು.

ನಿನ್ನೆ ಉಗ್ರ ಅಂದವರನ್ನು ಇವತ್ತು ಅತಿಥಿ ಅನ್ನುವುದು ಹೇಗೆ? ಇದು ಸಹಜವಾದ ಪ್ರಶ್ನೆ. ಇದಕ್ಕೆ ಉತ್ತರ ಬೇಕಾದರೆ ಒಬ್ಬ ವ್ಯಕ್ತಿಯನ್ನು ನೋಡಿದರೆ ಸಾಲದು. ಯುದ್ಧ ಮುಗಿದು, ಹಳೆಯ ಆಡಳಿತ ಹೋಗಿ, ಹೊಸದು ಇನ್ನೂ ಕಾಲೂರದೇ ಇರುವ ದೇಶದ ಜೊತೆ ಹೊರಗಿನವರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನು ತಿಳಿಯಬೇಕು. ವಿದೇಶಾಂಗ ನೀತಿಯಲ್ಲಿ ಇದಕ್ಕಿಂತ ಕಷ್ಟದ ಲೆಕ್ಕ ಕಡಿಮೆ. ಏನು ಕೊಡಬೇಕು ಅನ್ನುವುದಷ್ಟೇ ಅಲ್ಲ, ಯಾವಾಗ ಕೊಡಬೇಕು ಅನ್ನುವುದೂ ಇಲ್ಲಿ ಜೀವ ಉಳಿಸುತ್ತದೆ, ಜೀವ ತೆಗೆಯುತ್ತದೆ.

ದುರ್ಬಲ ರಾಷ್ಟ್ರ ಅಂದರೆ ಬಡ ರಾಷ್ಟ್ರ ಅಲ್ಲ

ಈ ಚರ್ಚೆಯಲ್ಲಿ ಪದೇ ಪದೇ ಬರುವ ಮಾತು ‘ದುರ್ಬಲ ರಾಷ್ಟ್ರ’. ಬಡತನಕ್ಕೂ ಇದಕ್ಕೂ ನಂಟಿದೆ, ಆದರೆ ಎರಡೂ ಒಂದೇ ಅಲ್ಲ. ಬಡ ದೇಶದಲ್ಲೂ ಪೊಲೀಸ್ ಠಾಣೆ ನಡೆಯಬಹುದು, ಶಾಲೆ ತೆರೆದಿರಬಹುದು, ತೆರಿಗೆ ಕಟ್ಟಿದರೆ ರಸೀದಿ ಸಿಗಬಹುದು. ದುರ್ಬಲ ರಾಷ್ಟ್ರದಲ್ಲಿ ಹೋಗಿರುವುದು ಇದೇ. ಸರ್ಕಾರದ ಆದೇಶ ರಾಜಧಾನಿಯಿಂದ ಐವತ್ತು ಕಿಲೋಮೀಟರ್ ಆಚೆ ನಡೆಯುವುದಿಲ್ಲ. ಬಂದೂಕು ಸೈನಿಕರ ಕೈಯಲ್ಲಷ್ಟೇ ಅಲ್ಲ, ಹತ್ತಾರು ಗುಂಪುಗಳ ಕೈಯಲ್ಲಿರುತ್ತದೆ. ಜಗಳವಾದರೆ ಜನ ಕೋರ್ಟಿಗೆ ಹೋಗುವುದಿಲ್ಲ, ತಮ್ಮ ಪಂಗಡದ ಹಿರಿಯರ ಹತ್ತಿರವೋ ತಮ್ಮ ಊರಿನ ಕಮಾಂಡರ್ ಹತ್ತಿರವೋ ಹೋಗುತ್ತಾರೆ.

ಒಂದು ಹಳೆಯ ಮನೆಯನ್ನು ಊಹಿಸಿಕೊಳ್ಳಿ. ಬಣ್ಣ ಹೋಗಿದೆ, ಹೆಂಚು ಒಡೆದಿದೆ ಅಂದರೆ ರಿಪೇರಿ ಮಾಡಬಹುದು. ಆದರೆ ಕಂಬವೇ ಸೀಳಿದ್ದರೆ? ಆಗ ಎಲ್ಲಿ ಕೈ ಹಾಕಿದರೂ ಇನ್ನೊಂದು ಕಡೆ ಕುಸಿಯುವ ಭಯ. ಸಿರಿಯಾ ಇರುವುದು ಇಂಥ ಸ್ಥಿತಿಯಲ್ಲಿ.

2011ರ ಮಾರ್ಚ್‌ನಲ್ಲಿ ದೇಶದ ದಕ್ಷಿಣದ ದರಾ ಎಂಬ ಊರಿನಲ್ಲಿ ಗೋಡೆಯ ಮೇಲೆ ಸರ್ಕಾರದ ವಿರುದ್ಧ ಬರೆದರೆಂದು ಹುಡುಗರನ್ನು ಹಿಡಿದು ಹಿಂಸಿಸಿದರು. ಜನ ಬೀದಿಗೆ ಬಂದರು. ಅಧ್ಯಕ್ಷ ಬಶರ್ ಅಲ್-ಅಸಾದ್ ಗುಂಡಿನಿಂದ ಉತ್ತರಿಸಿದರು. ಅದು ಅಂತರ್ಯುದ್ಧವಾಯಿತು. ರಷ್ಯಾ, ಇರಾನ್, ಟರ್ಕಿ, ಅಮೆರಿಕ ಎಲ್ಲವೂ ಒಳಗೆ ಬಂದವು. ಸುಮಾರು 14 ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಯುದ್ಧಕ್ಕೆ ಮುಂಚೆ ಇದ್ದ ಸುಮಾರು 2.2 ಕೋಟಿ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆ ಬಿಟ್ಟರು. 2011ರಲ್ಲಿ ಒಂದು ಡಾಲರಿಗೆ ಸುಮಾರು 50 ಸಿರಿಯನ್ ಪೌಂಡ್ ಇತ್ತು. 2024ರ ಕೊನೆಗೆ 10 ಸಾವಿರ ದಾಟಿತ್ತು. ಜನರ ಉಳಿತಾಯ ಕಣ್ಣೆದುರೇ ಆವಿಯಾಯಿತು ಅಂತಲೇ ಅರ್ಥ.

2024ರ ನವೆಂಬರ್ 27ರಂದು ವಾಯವ್ಯದ ಇದ್ಲಿಬ್ ಕಡೆಯಿಂದ ಹಯಾತ್ ತಹ್ರೀರ್ ಅಲ್-ಶಾಮ್ ಎಂಬ ಸಂಘಟನೆಯ ನೇತೃತ್ವದಲ್ಲಿ ಬಂಡುಕೋರರು ಹೊರಟರು. ಅಲೆಪ್ಪೊ, ಹಮಾ, ಹೋಮ್ಸ್ ಒಂದರ ಹಿಂದೊಂದು ಬಿದ್ದವು. ಡಿಸೆಂಬರ್ 8ರಂದು ರಾಜಧಾನಿ ಡಮಾಸ್ಕಸ್ ಕೈವಶವಾಯಿತು. ಅಸಾದ್ ಮಾಸ್ಕೋಗೆ ಓಡಿದರು. ಅಪ್ಪ ಮಗ ಸೇರಿ 50 ವರ್ಷಕ್ಕೂ ಹೆಚ್ಚು ಕಾಲ ನಡೆಸಿದ ಆಳ್ವಿಕೆ ಹನ್ನೆರಡೇ ದಿನದಲ್ಲಿ ಮುಗಿಯಿತು.

ಗೆದ್ದ ಸಂಘಟನೆಯ ನಾಯಕ ಅಲ್-ಶರಾ. ಒಂದು ಕಾಲಕ್ಕೆ ಅಲ್-ಕೈದಾದ ಸಿರಿಯಾ ಶಾಖೆ ಕಟ್ಟಿದವರು. 2016ರಲ್ಲಿ ಅಲ್-ಕೈದಾ ನಂಟು ಕಡಿದುಕೊಂಡೆ ಅಂದರು. ಆದರೆ ಅಮೆರಿಕ, ವಿಶ್ವಸಂಸ್ಥೆ ಎರಡರ ಪಟ್ಟಿಯಲ್ಲೂ ಅವರ ಹೆಸರು ಹಾಗೇ ಇತ್ತು.

ಮಾತಾಡುವುದು ಬೇರೆ, ಒಪ್ಪುವುದು ಬೇರೆ

ಈಗ ಹೊರದೇಶಗಳ ಮುಂದೆ ಬಂದ ಮೊದಲ ಪ್ರಶ್ನೆ: ಇವರ ಜೊತೆ ಮಾತಾಡಬೇಕಾ?

ರಾಜತಾಂತ್ರಿಕತೆಯಲ್ಲಿ ಇದು ಹೌದು ಅಥವಾ ಇಲ್ಲ ಅನ್ನುವಂಥ ಒಂದೇ ತೀರ್ಮಾನ ಅಲ್ಲ, ಮೆಟ್ಟಿಲುಗಳ ಸಾಲು. ಮೊದಲು ಮೂರನೆಯವರ ಮೂಲಕ ಸಂದೇಶ. ಆಮೇಲೆ ಒಬ್ಬ ಅಧಿಕಾರಿಯ ಭೇಟಿ. ಆಮೇಲೆ ರಾಯಭಾರ ಕಚೇರಿಯ ಮೇಲೆ ಮತ್ತೆ ಬಾವುಟ. ಆಮೇಲೆ ಮಂತ್ರಿಗಳ ಮಟ್ಟದ ಮಾತು. ಕೊನೆಗೆ ಅಧ್ಯಕ್ಷರ ಕೈಕುಲುಕು. ಪ್ರತಿ ಮೆಟ್ಟಿಲಿನಲ್ಲೂ ಏನೋ ಒಂದು ಕೇಳಬಹುದು, ಏನೋ ಒಂದು ಕೊಡಬಹುದು. ಹೆಣ್ಣು ನೋಡಲು ಬಂದವರೆಲ್ಲ ತಾಂಬೂಲ ಬದಲಾಯಿಸಿದ ಹಾಗಲ್ಲ ಅಲ್ವಾ? ಹಾಗೇ ಇದು.

2024ರ ಡಿಸೆಂಬರ್ 20ರಂದು ಅಮೆರಿಕದ ಹಿರಿಯ ಅಧಿಕಾರಿ ಬಾರ್ಬರಾ ಲೀಫ್ ಡಮಾಸ್ಕಸ್‌ಗೆ ಹೋಗಿ ಅಲ್-ಶರಾ ಅವರನ್ನು ಕಂಡರು. ಮಾತು ಮುಗಿದ ಮೇಲೆ ತಲೆಗೆ ಕಟ್ಟಿದ್ದ ಬೆಲೆಯನ್ನು ತೆಗೆಯುತ್ತೇವೆ ಅಂದರು. ಕಾರಣ ಸರಳ. ಹಿಡಿದುಕೊಡಿ ಎಂದು ಬಹುಮಾನ ಇಟ್ಟ ವ್ಯಕ್ತಿಯ ಎದುರೇ ಕೂತು ಮಾತಾಡುವುದಕ್ಕೆ ಅರ್ಥ ಇರುವುದಿಲ್ಲ. ಆದರೆ ಅವತ್ತು ತೆಗೆದದ್ದು ಬಹುಮಾನವನ್ನು ಮಾತ್ರ. ಉಗ್ರರ ಪಟ್ಟಿಯಲ್ಲಿ ಹೆಸರು ಹಾಗೇ ಉಳಿಯಿತು. ಆರ್ಥಿಕ ನಿರ್ಬಂಧಗಳೂ ಉಳಿದವು. ಸಿರಿಯಾದ ಸಾಮಾನ್ಯರ ಬದುಕಿಗೆ ನೇರವಾಗಿ ತಟ್ಟುತ್ತಿದ್ದದ್ದು ಇವೇ.

ಒಂದರ ಮೇಲೊಂದು ಬೀಗ

ಆರ್ಥಿಕ ನಿರ್ಬಂಧ ಅಂದರೆ ಒಂದು ದೇಶದ ಜೊತೆ ವ್ಯಾಪಾರ, ಹಣದ ವಹಿವಾಟು ಮಾಡಬಾರದು ಎಂಬ ಕಟ್ಟಳೆ. ಸಿರಿಯಾದ ಮೇಲೆ ಇದ್ದದ್ದು ಒಂದು ಬೀಗವಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರು ಹಾಕಿದ ಬೀಗಗಳು. ಕೀಲಿಗಳೂ ಬೇರೆ ಬೇರೆಯವರ ಹತ್ತಿರ.

ಮೊದಲನೆಯದು 1979ರದು. ಆ ವರ್ಷ ಅಮೆರಿಕ ‘ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳು’ ಎಂಬ ಪಟ್ಟಿ ಮಾಡಿತು. ಸಿರಿಯಾ ಆರಂಭದಿಂದಲೇ ಅದರಲ್ಲಿದೆ. ಎರಡನೆಯದು 2011ರ ನಂತರದ್ದು. ಅಸಾದ್ ತನ್ನ ಜನರ ಮೇಲೆಯೇ ಗುಂಡು ಹಾರಿಸಿದಾಗ ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ಸಿರಿಯಾದ ತೈಲ ಕೊಳ್ಳುವುದನ್ನು ನಿಲ್ಲಿಸಿದವು, ಅಲ್ಲಿನ ಸೆಂಟ್ರಲ್ ಬ್ಯಾಂಕಿನ ಮೇಲೂ ನಿರ್ಬಂಧ ಹೇರಿದವು. ಮೂರನೆಯದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯದು. ಅದು ದೇಶದ ಮೇಲಲ್ಲ, ಅಲ್-ಶರಾ ಮತ್ತು ಅವರ ಸಂಘಟನೆಯ ಮೇಲೆ.

ನಾಲ್ಕನೆಯದು ಎಲ್ಲಕ್ಕಿಂತ ಗಟ್ಟಿ. ಹೆಸರು ಸೀಸರ್ ಕಾಯ್ದೆ. ಅಸಾದ್ ಸೇನೆಯಲ್ಲಿ ಹೆಣಗಳ ಫೋಟೊ ತೆಗೆಯುವ ಕೆಲಸದಲ್ಲಿದ್ದ ಒಬ್ಬರು ಜೈಲುಗಳಲ್ಲಿ ಚಿತ್ರಹಿಂಸೆಗೆ ಸತ್ತವರ ಚಿತ್ರಗಳೂ ಸೇರಿ 50 ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಗುಟ್ಟಾಗಿ ಹೊರಗೆ ಸಾಗಿಸಿದರು. ಅವರಿಗೆ ಇಟ್ಟ ಗುಪ್ತನಾಮ ಸೀಸರ್. ಆ ಚಿತ್ರಗಳು ಅಮೆರಿಕದ ಸಂಸತ್ತನ್ನು ಅಲುಗಾಡಿಸಿದವು. 2019ರ ಡಿಸೆಂಬರ್‌ನಲ್ಲಿ ಕಾಯ್ದೆ ಬಂತು, 2020ರ ಜೂನ್‌ನಿಂದ ಜಾರಿಯಾಯಿತು.

ಇದು ಗಟ್ಟಿ ಯಾಕೆಂದರೆ, ಹಿಂದಿನ ನಿರ್ಬಂಧಗಳು ಮುಖ್ಯವಾಗಿ ಅಮೆರಿಕದ ಕಂಪನಿಗಳಿಗೆ ಅನ್ವಯ ಆಗುತ್ತಿದ್ದವು. ಸೀಸರ್ ಕಾಯ್ದೆ ಬೇರೆ ದೇಶದವರನ್ನೂ ಹಿಡಿಯಿತು. ಜೋರ್ಡಾನಿನ ಸಿಮೆಂಟ್ ಕಂಪನಿಯೋ ದುಬೈನ ಗುತ್ತಿಗೆದಾರರೋ ಸಿರಿಯಾದಲ್ಲಿ ದೊಡ್ಡ ಕೆಲಸ ಹಿಡಿದರೆ ಅವರಿಗೂ ಅಮೆರಿಕದ ಬಾಗಿಲು ಮುಚ್ಚಬಹುದಿತ್ತು. ಹಳ್ಳಿಯಲ್ಲಿ ಒಂದು ಮನೆಗೆ ಬಹಿಷ್ಕಾರ ಹಾಕಿ, ಆ ಮನೆಗೆ ನೀರು ಕೊಟ್ಟವರಿಗೂ ಬಹಿಷ್ಕಾರ ಅಂದ ಹಾಗೆ.

ಉದ್ದೇಶ ಅಸಾದ್ ಆಡಳಿತವನ್ನು ಬಗ್ಗಿಸುವುದು. ಆದರೆ ಅಸಾದ್ ಹೋದ ದಿನ ನಿರ್ಬಂಧ ತಾನಾಗಿ ಹೋಗಲಿಲ್ಲ. ಕಾನೂನಿಗೆ ಹಾಗೆ ಗೊತ್ತಾಗುವುದಿಲ್ಲ. ಯಾರಾದರೂ ಕೂತು ಅದನ್ನು ತೆಗೆಯಬೇಕು.

ತೆಗೆದ ರೀತಿಯೂ ನೋಡುವಂಥದ್ದೇ. 2025ರ ಜನವರಿಯಲ್ಲಿ ಅಮೆರಿಕ ಆರು ತಿಂಗಳ ಮಟ್ಟಿಗೆ ಒಂದು ಸೀಮಿತ ಅನುಮತಿ ಕೊಟ್ಟಿತು. ವಿದ್ಯುತ್, ಇಂಧನದಂಥ ಕೆಲವು ವಹಿವಾಟಿಗೆ ಮಾತ್ರ. ಫೆಬ್ರುವರಿಯಲ್ಲಿ ಐರೋಪ್ಯ ಒಕ್ಕೂಟ ಇಂಧನ, ಸಾರಿಗೆ, ಬ್ಯಾಂಕಿಂಗ್ ಕ್ಷೇತ್ರಗಳಲ್ಲಿ ಕಟ್ಟು ಸಡಿಲಿಸಿತು. ಮಾರ್ಚ್‌ನಲ್ಲಿ ಅಮೆರಿಕ ಷರತ್ತುಗಳ ಪಟ್ಟಿ ಕೊಟ್ಟಿತು. ಉಳಿದ ರಾಸಾಯನಿಕ ಅಸ್ತ್ರ ನಾಶ ಮಾಡಿ, ವಿದೇಶಿ ಹೋರಾಟಗಾರರಿಗೆ ದೊಡ್ಡ ಹುದ್ದೆ ಕೊಡಬೇಡಿ, ಕಾಣೆಯಾದ ಅಮೆರಿಕನ್ ಪತ್ರಕರ್ತ ಆಸ್ಟಿನ್ ಟೈಸ್ ಅವರನ್ನು ಹುಡುಕಲು ನೆರವಾಗಿ, ಹೀಗೆ. ಅಲ್ಲಿಯವರೆಗೆ ಇದು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತಿತ್ತು.

ಮೇ 13ರಂದು ಅಧ್ಯಕ್ಷ ಟ್ರಂಪ್ ಸೌದಿಯ ರಿಯಾದ್‌ನಲ್ಲಿ ನಿಂತು ಎಲ್ಲ ನಿರ್ಬಂಧ ತೆಗೆಯುತ್ತೇನೆ ಅಂದುಬಿಟ್ಟರು. ಮಾರನೆಯ ದಿನ ಅಲ್-ಶರಾ ಅವರನ್ನು ಭೇಟಿಯಾದರು. ಅದೇ ತಿಂಗಳು ಐರೋಪ್ಯ ಒಕ್ಕೂಟವೂ ಆರ್ಥಿಕ ನಿರ್ಬಂಧ ಕೈಬಿಟ್ಟಿತು. ಜೂನ್ 30ಕ್ಕೆ ಅಮೆರಿಕದ ಸಿರಿಯಾ ನಿರ್ಬಂಧ ಕಾರ್ಯಕ್ರಮ ಮುಗಿಯಿತು. ಜುಲೈನಲ್ಲಿ ಹಯಾತ್ ತಹ್ರೀರ್ ಅಲ್-ಶಾಮ್ ಅಮೆರಿಕದ ಉಗ್ರ ಸಂಘಟನೆಗಳ ಪಟ್ಟಿಯಿಂದ ಹೊರಬಂತು. ನವೆಂಬರ್ 6ರಂದು ಭದ್ರತಾ ಮಂಡಳಿ ಅಲ್-ಶರಾ ಹೆಸರನ್ನು ತೆಗೆಯಿತು. 15ರಲ್ಲಿ 14 ಮತ ಪರ, ಚೀನಾ ಮಾತ್ರ ತಟಸ್ಥ. ಸಿರಿಯಾದಲ್ಲಿ ಹೋರಾಡಿದ, ಚೀನಾ ಮೂಲದ ಉಯಿಗರ್ ಮುಸ್ಲಿಮರ ಪಡೆಗಳು ಅಲ್ಲಿನ ಹೊಸ ಸೇನೆ ಸೇರುತ್ತಿರುವುದು ಚೀನಾಕ್ಕೆ ಆತಂಕದ ವಿಷಯ. ಸೀಸರ್ ಕಾಯ್ದೆಯನ್ನು ಅಧ್ಯಕ್ಷರೊಬ್ಬರೇ ರದ್ದು ಮಾಡುವಂತಿರಲಿಲ್ಲ. ಸಂಸತ್ತೇ ಮಾಡಬೇಕಿತ್ತು. ಅದು ಆದದ್ದು 2025ರ ಡಿಸೆಂಬರ್‌ನಲ್ಲಿ, ಅಸಾದ್ ಓಡಿಹೋಗಿ ಒಂದು ವರ್ಷ ಕಳೆದ ಮೇಲೆ. 1979ರ ಬೀಗ ಮಾತ್ರ ಆ ವರ್ಷ ಮುಗಿಯುವಾಗಲೂ ಹಾಗೇ ಇತ್ತು.

ಬೀಗ ತೆಗೆದರೂ ಬ್ಯಾಂಕ್ ಯಾಕೆ ಹೆದರುತ್ತದೆ?

ಸುದ್ದಿಯಲ್ಲಿ ‘ನಿರ್ಬಂಧ ತೆರವು’ ಎಂದು ಓದಿದರೆ ನಾಳೆಯಿಂದಲೇ ಹಣ ಹರಿಯುತ್ತದೆ ಅನ್ನಿಸುತ್ತದೆ. ಹಾಗಾಗುವುದಿಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಸಾಮಾನ್ಯ ಸಿರಿಯನ್ನರು ಅತಿ ಹೆಚ್ಚು ಕಾದದ್ದು ಈ ಜಾಗದಲ್ಲಿ.

2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕಿಗೆ ಅಮೆರಿಕ ಸುಮಾರು 890 ಕೋಟಿ ಡಾಲರ್ ದಂಡ ಹಾಕಿತು. ಸುಡಾನ್, ಇರಾನ್, ಕ್ಯೂಬಾ ಜೊತೆ ನಿರ್ಬಂಧ ಮೀರಿ ವಹಿವಾಟು ಮಾಡಿದ್ದೇ ತಪ್ಪು. ಆ ಮೊತ್ತ ಕೇಳಿದ ಮೇಲೆ ಜಗತ್ತಿನ ಬ್ಯಾಂಕುಗಳು ಒಂದು ಪಾಠ ಕಲಿತವು: ಅನುಮಾನ ಇದ್ದರೆ ಬೇಡ ಅನ್ನು. ಸಿರಿಯಾದಿಂದ ಬರುವ ಲಾಭ ಚಿಕ್ಕದು, ತಪ್ಪಿದರೆ ಬೀಳುವ ದಂಡ ದೊಡ್ಡದು. ಬ್ಯಾಂಕಿನ ಕಾನೂನು ವಿಭಾಗದವರು ಸುಮ್ನೆ ಫೈಲ್ ಪಕ್ಕಕ್ಕಿಡುತ್ತಾರೆ. ಕಾನೂನು ಹೇಳಿದ್ದಕ್ಕಿಂತ ಜಾಸ್ತಿ ಹಿಂಜರಿಯುವ ಈ ನಡವಳಿಕೆಯನ್ನು ನಿರ್ಬಂಧ ಅಧ್ಯಯನ ಮಾಡುವವರು ‘ಅತಿಪಾಲನೆ’ ಅನ್ನುತ್ತಾರೆ.

ಇನ್ನೊಂದು ತೊಡಕು ಅವಧಿಯದು. ಸೀಸರ್ ಕಾಯ್ದೆಯಿಂದ ಅಧ್ಯಕ್ಷರು ವಿನಾಯಿತಿ ಕೊಡಬಹುದಿತ್ತು, ಆದರೆ ಒಂದು ಸಲಕ್ಕೆ 180 ದಿನ ಮಾತ್ರ. 2025ರ ಮೇ ಕೊನೆಯಲ್ಲಿ ಕತಾರ್ ಮೂಲದ ಕಂಪನಿಯೊಂದರ ನೇತೃತ್ವದಲ್ಲಿ 700 ಕೋಟಿ ಡಾಲರ್‌ನ ವಿದ್ಯುತ್ ಒಪ್ಪಂದ ಆಯಿತು. 5,000 ಮೆಗಾವಾಟ್ ಗುರಿ. ಇಂಥ ಸ್ಥಾವರ ಕಟ್ಟಲು ವರ್ಷಗಳು ಬೇಕು. ಆರಾರು ತಿಂಗಳಿಗೊಮ್ಮೆ ನವೀಕರಿಸಬೇಕಾದ ಅನುಮತಿ ನಂಬಿ ಯಾವ ಬ್ಯಾಂಕ್ ಸಾಲ ಕೊಡುತ್ತದೆ? ಆರು ತಿಂಗಳ ಬಾಡಿಗೆ ಕರಾರಿನ ಜಾಗದಲ್ಲಿ ಯಾರೂ ತೆಂಗಿನ ಸಸಿ ನೆಡುವುದಿಲ್ಲ.

ಮೂರನೆಯದು, ಸಿರಿಯಾದ ಬ್ಯಾಂಕುಗಳೇ ಹಳತಾಗಿದ್ದವು. ದೇಶದಿಂದ ದೇಶಕ್ಕೆ ಹಣ ಕಳಿಸಲು ಬ್ಯಾಂಕುಗಳು ಬಳಸುವ ಸ್ವಿಫ್ಟ್ ಜಾಲದಿಂದ ಅವು ವರ್ಷಗಟ್ಟಲೆ ದೂರ ಉಳಿದಿದ್ದವು. ಯುದ್ಧ ಶುರುವಾದ ಮೇಲೆ ಮೊದಲ ನೇರ ವರ್ಗಾವಣೆ ನಡೆದದ್ದು 2025ರ ಜೂನ್‌ನಲ್ಲಿ. ಅಕ್ರಮ ಹಣದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆಯ ಬೂದು ಪಟ್ಟಿಯಲ್ಲಿ, ಅಂದರೆ ನಿಗಾ ಇಡಬೇಕಾದ ದೇಶಗಳ ಪಟ್ಟಿಯಲ್ಲಿ, ಸಿರಿಯಾ 2010ರಿಂದಲೂ ಇದೆ. ಗಲ್ಫ್‌ನಿಂದ ಮಂಗಳೂರಿಗೋ ಭಟ್ಕಳಕ್ಕೋ ನಿಮಿಷದಲ್ಲಿ ಹಣ ಕಳಿಸುವ ನಮ್ಮವರ ಪಕ್ಕದಲ್ಲೇ ಕೆಲಸ ಮಾಡುವ ಸಿರಿಯನ್ನರು ಊರಿಗೆ ಹಣ ಮುಟ್ಟಿಸಲು ಹವಾಲಾ ಏಜೆಂಟರನ್ನೇ ನಂಬಬೇಕಿತ್ತು. ನಿರ್ಬಂಧ ಅಂದರೆ ಅಷ್ಟು ಹತ್ತಿರದ ಸಂಗತಿ.

ಮೊದಲು ಕೊಡಬೇಕಾ, ಮೊದಲು ಕೇಳಬೇಕಾ?

ಎರಡು ವಾದಗಳಿವೆ. ಒಂದು: ಹೊಸ ಸರ್ಕಾರ ಮಾತು ಉಳಿಸಿಕೊಂಡ ಮೇಲೆ ಕೊಡಿ. ಮೊದಲೇ ಕೊಟ್ಟರೆ ಕೇಳಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಇನ್ನೊಂದು: ಮೊದಲು ಕೊಡಿ. ಸಂಬಳ ಕೊಡಲಾಗದ ಸರ್ಕಾರ ಸುಧಾರಣೆ ಮಾಡುವುದಾದರೂ ಹೇಗೆ? ಎರಡೂ ಸುಳ್ಳಲ್ಲ. ಎರಡಕ್ಕೂ ಹಿಂದಿನ ಅನುಭವ ಇದೆ.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಸುಡಾನ್ ಸಾಕ್ಷಿ. 2019ರ ಏಪ್ರಿಲ್‌ನಲ್ಲಿ ಜನಚಳವಳಿಯಿಂದ ಸರ್ವಾಧಿಕಾರಿ ಒಮರ್ ಅಲ್-ಬಶೀರ್ ಬಿದ್ದರು. ಆಗಸ್ಟ್‌ನಲ್ಲಿ ಅರ್ಥಶಾಸ್ತ್ರಜ್ಞ ಅಬ್ದಲ್ಲಾ ಹಮ್ದೋಕ್ ಪ್ರಧಾನಿಯಾದರು. ಜನ ಕುಣಿದರು. ಆದರೆ ಸುಡಾನ್ ಕೂಡ ಅಮೆರಿಕದ ‘ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳ’ ಅದೇ ಪಟ್ಟಿಯಲ್ಲಿತ್ತು. ಹೊರಬರಲು ಹಳೆಯ ಬಾಂಬ್ ದಾಳಿಗಳ ಸಂತ್ರಸ್ತರಿಗೆ 33.5 ಕೋಟಿ ಡಾಲರ್ ಪರಿಹಾರ ಕೊಡಬೇಕಾಯಿತು. ತಪ್ಪು ಮಾಡಿದ್ದು ಬಶೀರ್ ಕಾಲದ ಆಡಳಿತ, ತೆತ್ತದ್ದು ಅವರನ್ನು ಇಳಿಸಿದ ಜನ. ಪಟ್ಟಿಯಿಂದ ಹೆಸರು ಹೋದದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಬ್ರೆಡ್ಡಿಗೆ, ಪೆಟ್ರೋಲಿಗೆ ಸಾಲು ಉದ್ದವಾಗಿತ್ತು. 2021ರ ಜುಲೈ ಹೊತ್ತಿಗೆ ಹಣದುಬ್ಬರ 400% ದಾಟಿತ್ತು. ಅಕ್ಟೋಬರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. 2023ರ ಏಪ್ರಿಲ್‌ನಿಂದ ಅಲ್ಲಿ ಯುದ್ಧ. ದಂಗೆಗೆ ಕಾರಣ ಹಲವು, ಸೇನೆಯ ಸ್ವಾರ್ಥ ಎಲ್ಲಕ್ಕಿಂತ ದೊಡ್ಡದು. ಆದರೂ ನಾಗರಿಕ ಸರ್ಕಾರದ ಕೈಗೆ ಸಮಯಕ್ಕೆ ಹಣ ಸಿಕ್ಕಿದ್ದರೆ ಎಂಬ ನೋವು ನನ್ನನ್ನು ಬಿಟ್ಟಿಲ್ಲ.

ಗಡಿಬಿಡಿಯಲ್ಲಿ ಕೈ ತೊಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಲಿಬಿಯಾ. 2011ರ ಅಕ್ಟೋಬರ್‌ನಲ್ಲಿ ಸರ್ವಾಧಿಕಾರಿ ಗಡಾಫಿ ಸತ್ತರು, 2012ರ ಜುಲೈಯಲ್ಲಿ ಚುನಾವಣೆ ಆಯಿತು. ಹೊರಗಿನವರು ಕೆಲಸ ಮುಗಿಯಿತು ಅಂದುಕೊಂಡರು. ಆದರೆ ಬಂದೂಕು ಹಿಡಿದ ಗುಂಪುಗಳು ಚದುರಲೇ ಇಲ್ಲ. 2014ರ ಹೊತ್ತಿಗೆ ದೇಶದಲ್ಲಿ ಎರಡು ಸರ್ಕಾರ.

ನಡುವಿನ ದಾರಿ ಇಲ್ಲವೇ ಇಲ್ಲ ಅಂತಲ್ಲ. ಲೈಬೀರಿಯಾದಲ್ಲಿ 2003ರಲ್ಲಿ ಯುದ್ಧ ನಿಂತಾಗ ವಿಶ್ವಸಂಸ್ಥೆ 15,000 ಶಾಂತಿಪಾಲಕರಿಗೆ ಅನುಮತಿ ಕೊಟ್ಟಿತು. 2007ರಲ್ಲಿ ಭಾರತದಿಂದ ಹೋದ ಮಹಿಳಾ ಪೊಲೀಸ್ ತಂಡ ವಿಶ್ವಸಂಸ್ಥೆಯ ಇತಿಹಾಸದಲ್ಲೇ ಮೊದಲನೆಯದು. ಹಣದ ವಿಷಯದಲ್ಲಿ ಒಂದು ವಿಶೇಷ ಏರ್ಪಾಡು ಇತ್ತು. ಮುಖ್ಯ ಸರ್ಕಾರಿ ಕಚೇರಿಗಳಲ್ಲಿ ಖರ್ಚಿಗೆ ಲೈಬೀರಿಯಾದ ಅಧಿಕಾರಿಯ ಸಹಿಯ ಜೊತೆ ವಿದೇಶಿ ತಜ್ಞರ ಸಹಿಯೂ ಬೇಕು. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಅಧ್ಯಕ್ಷರು ಮತ್ತು ಪಿಡಿಒ ಇಬ್ಬರೂ ಸಹಿ ಹಾಕಿದರಷ್ಟೇ ಹಣ ಹೊರಡುತ್ತಿತ್ತಲ್ಲ, ಅದೇ ಉಪಾಯ. ಸ್ವಾಭಿಮಾನಕ್ಕೆ ಪೆಟ್ಟು ಎಂದು ಅಲ್ಲಿ ಹಲವರು ಸಿಟ್ಟಾದರು. ಆ ಸಿಟ್ಟಲ್ಲೂ ಅರ್ಥ ಇತ್ತು. ಆದರೆ ಹಣ ಬಂತು, ಕಳ್ಳತನ ಕಡಿಮೆಯಾಯಿತು, ಸಾಲದ ದೊಡ್ಡ ಭಾಗ ಮನ್ನಾ ಆಯಿತು. 2018ರಲ್ಲಿ ಶಾಂತಿಪಾಲಕರು ವಾಪಸಾದರು, ಯುದ್ಧ ಮರಳಲಿಲ್ಲ.

ಸಿರಿಯಾದ ಒಳಗೆ ಅಂಥ ಶಾಂತಿಪಾಲಕ ಪಡೆ ಇಲ್ಲ. ಇರುವುದು ಇಸ್ರೇಲ್ ಕಡೆಯ ಗೋಲನ್ ಗಡಿಯಲ್ಲಿ ಮಾತ್ರ, 1974ರಿಂದ. ಅದರಲ್ಲಿ ಭಾರತದ ಯೋಧರೂ ಇದ್ದಾರೆ. ಸಿರಿಯಾ ತೀರದ ಎದುರಿಗಿರುವ ಸೈಪ್ರಸ್ ದ್ವೀಪದಲ್ಲಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಇಂಥದೇ ಪಡೆಯ ದಂಡನಾಯಕರಾಗಿ 1965ರಲ್ಲಿ ಕರ್ತವ್ಯದಲ್ಲೇ ತೀರಿಕೊಂಡರು. ಆ ಸಮುದ್ರದ ಕಷ್ಟ ಕನ್ನಡಿಗರಿಗೆ ಪೂರ್ತಿ ದೂರದ್ದೇನಲ್ಲ.

ಬಂದೂಕು ಯಾರ ಕೈಯಲ್ಲಿ?

2003ರ ಮೇನಲ್ಲಿ ಇರಾಕನ್ನು ಆಳುತ್ತಿದ್ದ ಅಮೆರಿಕದ ಪಾಲ್ ಬ್ರೆಮರ್ ಎರಡು ಆದೇಶ ಹೊರಡಿಸಿದರು. ಸದ್ದಾಂ ಅವರ ಬಾಥ್ ಪಕ್ಷದ ಮೇಲಿನ ಹಂತದವರು ಸರ್ಕಾರಿ ಕೆಲಸದಲ್ಲಿ ಇರಬಾರದು, ಮತ್ತು ಸೇನೆ ವಿಸರ್ಜನೆ. ಲಕ್ಷಾಂತರ ಜನ ಸಂಬಳ ಇಲ್ಲದೆ, ಆದರೆ ಬಂದೂಕು ಬಳಸಲು ಗೊತ್ತಿದ್ದುಕೊಂಡು ಮನೆಗೆ ಹೋದರು. ಅವರಲ್ಲಿ ಹಲವರು ಆಮೇಲೆ ದಂಗೆಗೆ ಸೇರಿದರು.

ಸಿರಿಯಾದಲ್ಲೂ 2025ರ ಜನವರಿ 29ರಂದು ಹಳೆಯ ಸೇನೆ, ಗುಪ್ತಚರ ಸಂಸ್ಥೆಗಳು, ಅದೇ ಹೆಸರಿನ ಅಸಾದ್ ಅವರ ಬಾಥ್ ಪಕ್ಷ ಎಲ್ಲವನ್ನೂ ವಿಸರ್ಜಿಸಿದರು. ಅದೇ ದಿನ ಅಲ್-ಶರಾ ಮಧ್ಯಂತರ ಅಧ್ಯಕ್ಷರಾದರು. ಅಸಾದ್ ಸೈನ್ಯದ ಮೇಲಿನ ಹುದ್ದೆಗಳಲ್ಲಿ ಅವರ ಅಲವಿ ಸಮುದಾಯದವರೇ ಹೆಚ್ಚಿದ್ದರು. ಮಾರ್ಚ್‌ನಲ್ಲಿ ಕರಾವಳಿಯಲ್ಲಿ ಅಸಾದ್ ಪರ ಬಂದೂಕುಧಾರಿಗಳು ಹೊಸ ಪಡೆಗಳ ಮೇಲೆ ಬಿದ್ದರು. ಆಮೇಲೆ ನಡೆದದ್ದು ಅಲವಿ ನಾಗರಿಕರ ಕಗ್ಗೊಲೆ. ಸುಮಾರು 1,400 ಮಂದಿ, ಹೆಚ್ಚಿನವರು ನಾಗರಿಕರು, ಸತ್ತರೆಂದು ವಿಶ್ವಸಂಸ್ಥೆಯ ತನಿಖಾ ಆಯೋಗ ಹೇಳಿತು. ಜುಲೈಯಲ್ಲಿ ದಕ್ಷಿಣದ ಸ್ವೈದಾದಲ್ಲಿ ದ್ರೂಸ್ ಮತ್ತು ಬೆಡೊವಿನ್ ಸಮುದಾಯಗಳ ನಡುವೆ ರಕ್ತ ಹರಿಯಿತು. ದ್ರೂಸರನ್ನು ಕಾಪಾಡುತ್ತೇವೆ ಎನ್ನುತ್ತಾ ಇಸ್ರೇಲ್ ಡಮಾಸ್ಕಸ್‌ನ ರಕ್ಷಣಾ ಸಚಿವಾಲಯದ ಮೇಲೆಯೇ ಬಾಂಬ್ ಹಾಕಿತು.

ತಾರೀಖುಗಳನ್ನು ಪಕ್ಕಪಕ್ಕ ಇಡಿ. ಮಾರ್ಚ್‌ನಲ್ಲಿ ಕೊಲೆ, ಮೇನಲ್ಲಿ ನಿರ್ಬಂಧ ತೆರವಿನ ಘೋಷಣೆ. ಇದನ್ನು ನೋಡಿದ ಅಲವಿ ಕುಟುಂಬಕ್ಕೆ ಜಗತ್ತು ನಮ್ಮನ್ನು ಮರೆತಿದೆ ಅನ್ನಿಸಿದರೆ ತಪ್ಪೇನು? ಇನ್ನೊಂದು ಕಡೆ, ನಿರ್ಬಂಧ ಮುಂದುವರಿದಿದ್ದರೆ ಅದೇ ಕುಟುಂಬವೂ ಸೇರಿ ಎಲ್ಲರ ಹೊಟ್ಟೆಗೇ ಪೆಟ್ಟು. ಈ ಎರಡನ್ನೂ ಒಟ್ಟಿಗೆ ತೂಗದೆ ಯಾವ ತೀರ್ಮಾನವೂ ಪ್ರಾಮಾಣಿಕ ಅಲ್ಲ ಎಂದು ನನಗೆ ಅನ್ನಿಸುತ್ತದೆ.

ಚುನಾವಣೆಗೆ ಯಾಕಿಷ್ಟು ಕಾಲ?

2025ರ ಮಾರ್ಚ್‌ನ ಸಂವಿಧಾನ ಘೋಷಣೆ ಪ್ರಕಾರ ಸಂಧಿಕಾಲ ಐದು ವರ್ಷ. ಅಕ್ಟೋಬರ್ 5ರಂದು ಸಂಸತ್ತಿಗೆ ಆಯ್ಕೆ ನಡೆಯಿತು, ಆದರೆ ಜನ ನೇರವಾಗಿ ಮತ ಹಾಕಲಿಲ್ಲ. 210 ಸ್ಥಾನಗಳಲ್ಲಿ ಮೂರನೇ ಎರಡು ಭಾಗವನ್ನು ಸ್ಥಳೀಯ ಮತದಾರ ಮಂಡಲಿಗಳು ಆರಿಸಬೇಕು, ಉಳಿದದ್ದು ಅಧ್ಯಕ್ಷರ ನೇಮಕ. ಮೊದಲ ಸುತ್ತಿನಲ್ಲಿ ಆಯ್ಕೆಯಾದ 119 ಮಂದಿಯಲ್ಲಿ ಮಹಿಳೆಯರು 6. ಸ್ವೈದಾದಲ್ಲಿ ಮತ್ತು ಕುರ್ದ್ ಸಮುದಾಯದ ಪಡೆಗಳ ಹಿಡಿತದಲ್ಲಿದ್ದ ಈಶಾನ್ಯ ಭಾಗಗಳಲ್ಲಿ ಅವತ್ತು ಆಯ್ಕೆಯೇ ನಡೆಯಲಿಲ್ಲ.

ಸರ್ಕಾರ ಕೊಡುವ ಕಾರಣ: ಜನಗಣತಿ ಇಲ್ಲ, ಲಕ್ಷಾಂತರ ಜನರ ಹತ್ತಿರ ಗುರುತಿನ ಚೀಟಿ ಇಲ್ಲ, ಲಕ್ಷಾಂತರ ಜನ ಇನ್ನೂ ಹೊರದೇಶದಲ್ಲಿದ್ದಾರೆ. ಈ ಕಾರಣ ಸುಳ್ಳಲ್ಲ. ನಮ್ಮಲ್ಲೂ 1947ರಲ್ಲಿ ಸ್ವಾತಂತ್ರ್ಯ ಬಂದರೂ ಮೊದಲ ಮಹಾಚುನಾವಣೆ ನಡೆದದ್ದು 1951-52ರಲ್ಲಿ. ಮತದಾರರ ಪಟ್ಟಿ ಮಾಡುವುದೇ ದೊಡ್ಡ ಯಜ್ಞವಾಗಿತ್ತು. ವ್ಯತ್ಯಾಸ ಎಂದರೆ, ನಮ್ಮಲ್ಲಿ ಆ ನಡುವಿನ ಕಾಲದಲ್ಲಿ ಸಂವಿಧಾನ ಸಭೆ ಕೂತು ಬಹಿರಂಗವಾಗಿ ವಾದ ಮಾಡುತ್ತಿತ್ತು. ಸಿರಿಯಾದಲ್ಲಿ ಅಧಿಕಾರದ ಹೆಚ್ಚಿನ ಪಾಲು ಒಬ್ಬರ ಕೈಯಲ್ಲಿದೆ. ಕಾಯುವುದು ಸಿದ್ಧತೆಗೋ ಬೇರು ಬಿಡುವುದಕ್ಕೋ ಎಂಬುದು ಹೊರಗಿನಿಂದ ಸುಲಭವಾಗಿ ತಿಳಿಯುವುದಿಲ್ಲ.

ಯಾರಿಗೆ ಏನು ಬೇಕು?

ವಿದೇಶಾಂಗ ನೀತಿ ದಾನ ಅಲ್ಲ. ಟರ್ಕಿಗೆ ತನ್ನ ಗಡಿಯಲ್ಲಿ ಕುರ್ದ್ ಪಡೆ ಬಲಗೊಳ್ಳುವುದು ಬೇಡ, ತನ್ನಲ್ಲಿರುವ ಲಕ್ಷಾಂತರ ಸಿರಿಯನ್ ನಿರಾಶ್ರಿತರು ಮರಳಬೇಕು. ಯುರೋಪಿಗೂ ನಿರಾಶ್ರಿತರದೇ ಚಿಂತೆ. ಅಸಾದ್ ಬಿದ್ದ ಮಾರನೆಯ ದಿನವೇ ಜರ್ಮನಿ ಸೇರಿ ಹಲವು ದೇಶಗಳು ಸಿರಿಯನ್ನರ ಆಶ್ರಯ ಅರ್ಜಿಗಳ ತೀರ್ಮಾನ ನಿಲ್ಲಿಸಿದವು. ಸೌದಿ, ಕತಾರ್‌ಗೆ ಇರಾನ್ ಮತ್ತೆ ಅಲ್ಲಿ ಕಾಲಿಡಬಾರದು. ವಿಶ್ವಬ್ಯಾಂಕಿಗೆ ಸಿರಿಯಾ ಬಾಕಿ ಉಳಿಸಿದ್ದ ಸುಮಾರು 1.55 ಕೋಟಿ ಡಾಲರನ್ನು ಇವೆರಡೇ ಕಟ್ಟಿದವು. ರಷ್ಯಾಕ್ಕೆ ತಾರ್ತೂಸ್ ಬಂದರು ಮತ್ತು ಹ್ಮೈಮೀಮ್ ವಾಯುನೆಲೆ ಉಳಿಯಬೇಕು. ಅಸಾದ್‌ಗೆ ಆಶ್ರಯ ಕೊಟ್ಟ ಮಾಸ್ಕೋಗೆ ಅಲ್-ಶರಾ 2025ರ ಅಕ್ಟೋಬರ್‌ನಲ್ಲಿ ತಾವೇ ಹೋದರು. ಇಸ್ರೇಲ್ ಗೋಲನ್‌ನ ನಡುವಲಯಕ್ಕೆ ಸೈನ್ಯ ನುಗ್ಗಿಸಿದೆ, ತನ್ನ ಗಡಿಯ ಪಕ್ಕ ಬಲವಾದ ಸೇನೆ ಬೇಡ ಅನ್ನುತ್ತದೆ.

ಭಾರತ ಸದ್ದಿಲ್ಲದೆ ನಡೆದುಕೊಂಡಿದೆ. ಯುದ್ಧದ ಉದ್ದಕ್ಕೂ ಡಮಾಸ್ಕಸ್‌ನ ರಾಯಭಾರ ಕಚೇರಿ ಮುಚ್ಚಲಿಲ್ಲ. 2024ರ ಡಿಸೆಂಬರ್ 10ರಂದು 75 ಭಾರತೀಯರನ್ನು ಹೊರಗೆ ಕರೆತಂದಿತು. ಅವರಲ್ಲಿ 44 ಮಂದಿ ಜಮ್ಮು ಕಾಶ್ಮೀರದ ಯಾತ್ರಿಕರು. ಹಿಂದೆ ಯುದ್ಧದಲ್ಲಿ ಕಾಲು ಕಳೆದುಕೊಂಡ ನೂರಾರು ಜನರಿಗೆ ಜೈಪುರ ಕಾಲು ಜೋಡಿಸುವ ಶಿಬಿರವನ್ನೂ ಡಮಾಸ್ಕಸ್‌ನಲ್ಲಿ ನಡೆಸಿತ್ತು. ಎಲ್ಲರನ್ನೂ ಒಳಗೊಂಡ, ಸಿರಿಯನ್ನರೇ ನಡೆಸುವ ಬದಲಾವಣೆ ಬೇಕು ಅನ್ನುವುದು ನಮ್ಮ ನಿಲುವು.

ಮನೆಯ ದಾರಿ

ವಿಶ್ವಬ್ಯಾಂಕ್ ಲೆಕ್ಕದಲ್ಲಿ ಪುನರ್ನಿರ್ಮಾಣಕ್ಕೆ ಸುಮಾರು 21,600 ಕೋಟಿ ಡಾಲರ್ ಬೇಕು. ಈ ಅಂಕಿ ಮನಸ್ಸಿಗೆ ನಿಲ್ಲುವುದಿಲ್ಲ. ಸಂಬಳದ ಅಂಕಿ ನಿಲ್ಲುತ್ತದೆ. 2025ರ ಮೇನಲ್ಲಿ ಕತಾರ್ ಸಿರಿಯಾದ ಸರ್ಕಾರಿ ನೌಕರರ ಸಂಬಳಕ್ಕೆ ತಿಂಗಳಿಗೆ 2.9 ಕೋಟಿ ಡಾಲರ್ ಕೊಡಲು ಮುಂದೆ ಬಂತು. ಅದಕ್ಕೂ ಅಮೆರಿಕದ ಒಪ್ಪಿಗೆ ಬೇಕಾಯಿತು. ಶಿಕ್ಷಕರು ಶಾಲೆಗೆ, ನರ್ಸ್‌ಗಳು ಆಸ್ಪತ್ರೆಗೆ ಬರಬೇಕಾದರೆ ತಿಂಗಳ ಕೊನೆಗೆ ಕೈಗೆ ಏನಾದರೂ ಸಿಗಬೇಕಲ್ಲ.

2025ರ ಕೊನೆಗೆ ಹೊರದೇಶಗಳಿಂದ 10 ಲಕ್ಷಕ್ಕೂ ಹೆಚ್ಚು ಜನ ಸಿರಿಯಾಗೆ ಮರಳಿದ್ದರು. ಮರಳಿದವರ ಮೊದಲ ಜಗಳ ಮನೆಯದು. ಹೋಮ್ಸ್‌ನ ಭೂದಾಖಲೆ ಕಚೇರಿ 2013ರಲ್ಲೇ ಬೆಂಕಿಗೆ ಸಿಕ್ಕಿತ್ತು. 2018ರಲ್ಲಿ ಅಸಾದ್ ತಂದ 10ನೇ ಸಂಖ್ಯೆಯ ಕಾನೂನಿನಲ್ಲಿ, ಹೊಸ ಬಡಾವಣೆಗೆ ಗುರುತಿಸಿದ ಜಾಗದ ಮಾಲೀಕರು ನಿಗದಿತ ಗಡುವಿನೊಳಗೆ ಹಕ್ಕು ಸಾಬೀತು ಮಾಡದಿದ್ದರೆ ಆಸ್ತಿ ಕೈತಪ್ಪುವ ಭಯ ಇತ್ತು. ಊರು ಬಿಟ್ಟು ಓಡಿದವರು ಕಾಗದ ಎಲ್ಲಿಂದ ತರುವುದು? ಪಹಣಿಯಲ್ಲಿ ಒಂದು ಅಕ್ಷರ ತಪ್ಪಿದರೆ ಎಷ್ಟು ಅಲೆಯಬೇಕು ಅನ್ನುವುದು ಗೊತ್ತಿರುವ ನಮಗೆ ಈ ಕಷ್ಟ ವಿವರಿಸಬೇಕಿಲ್ಲ.

ಕಾಗದ ಇದ್ದವರಿಗೂ ಹೊಲಕ್ಕೆ ಹೋಗುವ ದಾರಿಯಲ್ಲಿ ನೆಲಬಾಂಬ್. ಅಸಾದ್ ಬಿದ್ದ ನಂತರದ ತಿಂಗಳುಗಳಲ್ಲಿ ನೂರಾರು ಜನ ಹೀಗೆ ಸತ್ತರು, ಅವರಲ್ಲಿ ಮಕ್ಕಳು ಬಹಳ. ಬಾಂಬ್ ತೆಗೆಯುವ ತಂಡಗಳು ನಡೆಯುವುದು ಹೆಚ್ಚಾಗಿ ಹೊರದೇಶಗಳ ನೆರವಿನ ಹಣದಿಂದ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನೇ ತಡೆಹಿಡಿಯಿತು. ಸಿರಿಯಾಕ್ಕೆಂದು ವಿಶ್ವಸಂಸ್ಥೆ ಆ ವರ್ಷ ಕೇಳಿದ ಹಣದಲ್ಲಿ ಬಂದದ್ದು ಸ್ವಲ್ಪವೇ. ಒಂದು ಕಡೆ ಬೀಗಗಳು ತೆರೆದುಕೊಂಡವು, ಇನ್ನೊಂದು ಕಡೆ ನೆಲ ಬಗೆದು ಬಾಂಬ್ ಹುಡುಕುವವರ ಸಂಬಳ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಹಾಗೇ ಉಳಿಯಿತು.